ನಾಳೆ ಏನಾದೀತು ಎಂದು ನೋಡಿ ತಾ

ಪುಟ್ಟಿ, ಬಾಡಿಗೆ ಮನೆಯ ಮೊದಲ ನವರಾತ್ರಿ, ಮನೆ ಚೆಂದ ಕಾಣಬೇಕು, ಕೈಯಲ್ಲಿ ದುಡ್ಡಿಲ್ಲ ಅಂದೆಯಲ್ಲ. ಪ್ಲಾಸ್ಟಿಕ್ ಮಾವಿನೆಲೆಯ ತೋರಣ ಅಗ್ಗಕ್ಕೇ ಸಿಗುತ್ತದೆ, ನಿಜ. ಮುಂದಿನ ವರ್ಷವೂ ಅದೇ, ಅದರ ಮುಂದಿನ ವರ್ಷವೂ ಅದೇ. ಧೂಳು ಒರೆಸುವ ಕೆಲಸ ಮಾತ್ರ ನಿನ್ನದು. ಹೊಲ, ಬೇಲಿ, ಹಿತ್ತಿಲೆಲ್ಲ ತುಂಬಿರುವ ಶರದೃತುವಿನಲ್ಲಿ ಆ ಗೋಜು ಯಾಕೆ? ಆದರೆ ಏನನ್ನೇ ತರುವ ಮೊದಲು ಒಂದು ನೋಡಿಕೋ: ಬಾಡಿದ ಮೇಲೆ ಇದು ಒಣಗುತ್ತದೋ, ಕೊಳೆಯುತ್ತದೋ? ಒಣಗುವಂಥದ್ದು ದೀಪಾವಳಿ ದಾಟಿದರೂ ಇರಲಿ. ಕೊಳೆಯುವಂಥದ್ದನ್ನು ಕಟ್ಟುವಾಗಲೇ ಬಿಚ್ಚುವ ದಿನವನ್ನೂ ಗೊತ್ತುಮಾಡು.

ಮಾವಿನೆಲೆ ಒಣಗುವ ಜಾತಿ. ಕೆಂಪಗಿನ ಚಿಗುರು ಮುದ್ದಾಗಿ ಕಾಣುತ್ತದೆ, ಸಂಜೆಯೊಳಗೆ ಮುದುಡುತ್ತದೆ. ಬಲಿತ ಕಡುಹಸಿರೆಲೆಯನ್ನೇ ಆರಿಸು. ಒಂದೇ ಕೊಂಬೆಯನ್ನು ಬೋಳಿಸಬೇಡ. ಸ್ಟೇಪ್ಲರ್ ಪಿನ್ ಬೇಡ, ತೆಂಗಿನ ಗರಿಯ ಕಡ್ಡಿ ಮುರಿದು ಚುಚ್ಚು, ನೆನೆಸಿದ ಬಾಳೆನಾರಿನಲ್ಲಿ ಪೋಣಿಸು. ಬಿಚ್ಚಿದ ಮೇಲೆ ಇಡೀ ತೋರಣ ಗೊಬ್ಬರದ ಡಬ್ಬಕ್ಕೆ ಹೋಗುತ್ತದೆ.

ಬಾಳೆಕಂದು ಕೊಳೆಯುವ ಜಾತಿ, ಮೈಯೆಲ್ಲ ನೀರು. ಅದರ ರಸ ಗೋಡೆಗೆ ತಾಗಿದರೆ ಕಲೆ ಹೋಗುವುದಿಲ್ಲ, ಮುಂಗಡದ ಹಣ ವಾಪಸ್ ಕೊಡುವಾಗ ಮನೆಯ ಓನರ್ ಅದನ್ನೇ ತೋರಿಸುತ್ತಾರೆ. ಇಡಲೇಬೇಕು ಅಂದರೆ ಬಾಗಿಲ ಹೊರಗೆ, ಎರಡು ದಿನ, ಸಾಕು.

ಚೆಂಡು ಹೂವಿಗೆ ಆಯುಧಪೂಜೆಯ ಹಿಂದಿನ ದಿನ ಚಿನ್ನದ ಬೆಲೆ. ಹಬ್ಬ ಮುಗಿದ ಮೇಲೆ ಕೇಳುವವರಿಲ್ಲ. ಪೂಜೆಗೆ ಬೇಕಾದಷ್ಟನ್ನು ಮೊದಲು ತಾ, ಅಲಂಕಾರದ್ದನ್ನು ಕಾದು ಕೊಳ್ಳು. ಮಾಲೆ ಫ್ರೆಶ್ಶಾಗಿರಲಿ ಅಂತ ನೀರು ಚಿಮುಕಿಸಬೇಡ, ಎಸಳಿನ ಬುಡದಲ್ಲಿ ನೀರು ನಿಂತು ಹೂ ಒಳಗಿನಿಂದಲೇ ಕರಗುತ್ತದೆ. ಬಾಡಿದ ಎಸಳನ್ನು ನೆರಳಲ್ಲಿ ಒಣಗಿಸಿಡು. ಪಟಕದ ನೀರಿನಲ್ಲಿ ನೆನೆಸಿದ ಹತ್ತಿ ಬಟ್ಟೆಯನ್ನು ಆ ಎಸಳಿನ ಜೊತೆ ಕುದಿಸಿದರೆ ಹಳದಿ ಬಣ್ಣ ಹಿಡಿಯುತ್ತದೆ. ನಿನ್ನ ಅಪ್ಪನ ಹಳೇ ಪಂಚೆಯೊಂದು ಗೊಂಬೆಯ ಮೆಟ್ಟಿಲಿಗೆ ಹಾಸಾದೀತು. ಇದಿಲ್ಲದೆ ನಮ್ಮ ಹಬ್ಬವೇ ಇಲ್ಲ ಎನ್ನುವಷ್ಟು ನಮ್ಮದಾದ ಈ ಹೂವಿನ ತವರು ಮೆಕ್ಸಿಕೋ, ಗೊತ್ತಾ?

ನನಗೆ ಹೆಚ್ಚು ಇಷ್ಟವಾದದ್ದು ಅಣ್ಣೆ ಹೂ. ಬಯಲುಸೀಮೆಯ ಹೊಲಗಳಲ್ಲಿ ಕಳೆ ಅಂತ ಕಿತ್ತೆಸೆಯುತ್ತಾರೆ, ದೀಪಾವಳಿ ಬಂತೆಂದರೆ ಅದನ್ನೇ ಹುಡುಕಿಕೊಂಡು ಹೋಗುತ್ತಾರೆ. ಬಿಳಿಗೆಂಪಿನ ಆ ಕದಿರು ಹಸಿಯಾಗಿದ್ದಾಗಲೇ ಕಾಗದದ ಹಾಗೆ ಗರಗರ ಅನ್ನುತ್ತದೆ, ಒಣಗಿದರೂ ರೂಪ ಕೆಡುವುದಿಲ್ಲ. ಸಣ್ಣ ಕಪ್ಪು ಬೀಜ ಉದುರುವ ಮೊದಲೇ ಕೊಯ್ದು, ಕಟ್ಟು ಮಾಡಿ, ತಲೆಕೆಳಗಾಗಿ ಗಾಳಿಯಾಡುವ ನೆರಳಲ್ಲಿ ತೂಗುಹಾಕು. ನವಣೆ, ಸಜ್ಜೆಯ ತೆನೆ ಸಿಕ್ಕರೂ ಹೀಗೇ. ತೆನೆಗಳನ್ನು ಜಡೆ ಹೆಣೆದು ಬಾಲ್ಕನಿಯಲ್ಲಿ ಕಟ್ಟಿದರೆ ಹಕ್ಕಿಗಳು ಬಂದು ಖಾಲಿ ಮಾಡುತ್ತವೆ. ಮಾಡಲಿ ಬಿಡು. ಭತ್ತದ ತೆನೆ ಕಳಿಸು ಅಂತ ಮಾತ್ರ ಈಗ ಕೇಳಬೇಡ. ಕರಾವಳಿಯಲ್ಲಿ ನವರಾತ್ರಿಗೇ ಕದಿರು ಮನೆಗೆ ಬರುತ್ತದೆ, ನಮ್ಮ ಮಲೆನಾಡಿನಲ್ಲಿ ಆಗಿನ್ನೂ ಹೊಡೆ. ಬಸುರಿ ಭೂಮಿಗೆ ಬಯಕೆಯೂಟ ಬಡಿಸುವ ಭೂಮಿ ಹುಣ್ಣಿಮೆ ಬರುವುದೇ ಆಗ.

ಆ ಹುಣ್ಣಿಮೆಗೆ ಸಾಗರ, ಸೊರಬ, ಸಿದ್ದಾಪುರದ ಕಡೆ ದೀವರ ಹೆಂಗಸರು ಬರೆಯುವ ಭೂಮಣ್ಣಿ ಬುಟ್ಟಿಯನ್ನು ನೀನು ನೋಡಿದ್ದೀಯ. ಬಿದಿರಿನ ಬುಟ್ಟಿಗೆ ಸಗಣಿ ಬಳಿದು, ಕೆಮ್ಮಣ್ಣು ಹಚ್ಚಿ, ಪುಂಡಿನಾರಿನ ಕುಂಚದಲ್ಲಿ ಅಕ್ಕಿಹಿಟ್ಟಿನ ಬಿಳಿ ಗೆರೆ ಎಳೆಯುತ್ತಾರೆ. ನಸುಕಿನಲ್ಲಿ ಗದ್ದೆಗೆ ಎಡೆ ಹೊತ್ತೊಯ್ಯುವುದು ಅದರಲ್ಲೇ. ನೀನು ಬರೆಯುವುದು ಮನೆಯ ಚೆಂದಕ್ಕೆ, ಅದಕ್ಕೆ ಆ ಹೆಸರಿಡಬೇಡ. ಕೈಕೆಲಸವನ್ನಂತೂ ಧಾರಾಳವಾಗಿ ಕಲಿ. ಫ್ಲ್ಯಾಟಿನಲ್ಲಿ ಸಗಣಿ ಕಷ್ಟವಾದರೆ ಹಳೇ ಪೇಪರ್ ನೆನೆಸಿ ಮೆಂತ್ಯದ ಜೊತೆ ನುಣ್ಣಗೆ ರುಬ್ಬಿ ಬಳಿ. ನಮ್ಮಜ್ಜಿ ಮೊರದ ಸಂದು ಮುಚ್ಚುತ್ತಿದ್ದದ್ದು ಅದರಲ್ಲೇ. ಮೆಂತ್ಯದ ಅಂಟು ಗಟ್ಟಿ, ಅದರ ಕಹಿಗೆ ಹುಳವೂ ದೂರ. ಅದು ಪೂರಾ ಒಣಗಿದ ಮೇಲೆ ಕೆಮ್ಮಣ್ಣು. ಗ್ರಂಧಿಗೆ ಅಂಗಡಿಯಲ್ಲಿ ಸಿಗುತ್ತದೆ. ನೀರಲ್ಲಿ ಕಲಸಿ ತೆಳು ಬಟ್ಟೆಯಲ್ಲಿ ಸೋಸು, ಸ್ವಲ್ಪ ಗಂಜಿ ಬೆರೆಸು, ಇಲ್ಲದಿದ್ದರೆ ಮುಟ್ಟಿದವರ ಸೀರೆಗೆಲ್ಲ ಕೆಂಪು. ಅಕ್ಕಿ ನೆನೆಸಿ ಬೆಣ್ಣೆಯಂತೆ ರುಬ್ಬಿಕೋ. ಎಳೆದ ಗೆರೆ ಹಸಿಯಿದ್ದಾಗ ಕಾಣುವುದೇ ಇಲ್ಲ, ಒಣಗುತ್ತಾ ಬೆಳ್ಳಗಾಗುತ್ತದೆ. ಅವಸರಪಟ್ಟು ಮೇಲೆ ಮೇಲೆ ತೀಡಿದರೆ ದಪ್ಪವಾಗಿ ಪದರ ಏಳುತ್ತದೆ. ಬಿಳಿ ಒಂದೇ ಸಾಕು, ಏಳು ಬಣ್ಣ ತುಂಬಲು ಹೋಗಬೇಡ.

ಬನ್ನಿಯ ವಿಷಯ ಮರೆತಿದ್ದೆ. ಬೆಂಗಳೂರಿನಲ್ಲಿ ಮರಗಳೇ ಕಡಿಮೆ, ಜನ ಟೊಂಗೆಗಟ್ಟಲೆ ಮುರಿದು ತರುತ್ತಾರೆ. ಹಂಚಲು ನಾಲ್ಕು ಎಲೆ ಸಾಲದೇ?

ಪುಂಡಿನಾರು ಅಲ್ಲಿ ಸಿಗಲಿಕ್ಕಿಲ್ಲ. ಬರುವ ವಾರ ನಿನ್ನ ಮಾವ ಬೆಂಗಳೂರಿಗೆ ಬರುತ್ತಾರೆ, ಒಂದು ಹಿಡಿ ಕೊಟ್ಟು ಕಳಿಸುತ್ತೇನೆ. ಬುಟ್ಟಿಯನ್ನು ಮೇದಾರರ ಹತ್ತಿರವೇ ಕೊಳ್ಳು, ಚೌಕಾಸಿ ಮಾಡಬೇಡ.