ವಯಸ್ಸಾದ ನಾಯಿ, ಬೆಕ್ಕುಗಳಲ್ಲಿ ಥೈರಾಯ್ಡ್ ತೊಂದರೆ

ಹಸುವಿನ ಹಾಲು ಕುಸಿದೊಡನೆ ಪಶು ಆಸ್ಪತ್ರೆಗೆ ಧಾವಿಸುವ ಮನೆಯವರೇ, ನಾಯಿ ಮಂಕಾಗಿ ಮೂಲೆ ಹಿಡಿದರೆ ಅಥವಾ ಬೆಕ್ಕು ಸೊರಗಿದರೆ 'ವಯಸ್ಸಾಯಿತು' ಎಂದು ಸುಮ್ಮನಾಗುವುದುಂಟು. ಅನೇಕ ವೇಳೆ ಕಾರಣ ವಯಸ್ಸಲ್ಲ. ಕುತ್ತಿಗೆಯಲ್ಲಿ ಶ್ವಾಸನಾಳದ ಇಕ್ಕೆಲಗಳಲ್ಲಿರುವ ಥೈರಾಯ್ಡ್ ಗ್ರಂಥಿಯ ದೋಷ. ಇದಕ್ಕೆ ಚಿಕಿತ್ಸೆಯುಂಟು.

ದೇಹದ ಚಯಾಪಚಯ ಕ್ರಿಯೆಯ ವೇಗವನ್ನು ನಿಯಂತ್ರಿಸುವ ಹಾರ್ಮೋನು ಈ ಗ್ರಂಥಿಯಲ್ಲಿ ಉತ್ಪತ್ತಿಯಾಗುತ್ತದೆ. ಸಾಮಾನ್ಯವಾಗಿ ನಾಯಿಗಳಲ್ಲಿ ಅದರ ಕೊರತೆ, ಬೆಕ್ಕುಗಳಲ್ಲಿ ಅದರ ಅತಿರೇಕ ಕಂಡುಬರುವುದರಿಂದ ಲಕ್ಷಣಗಳೂ ಪರಸ್ಪರ ವಿರುದ್ಧವಾಗಿರುತ್ತವೆ.

ನಾಯಿಯಲ್ಲಿ ಈ ತೊಂದರೆ ನಡುವಯಸ್ಸಿನಿಂದಲೇ ಆರಂಭವಾಗಬಹುದು. ಆಹಾರ ಹೆಚ್ಚಿಸದಿದ್ದರೂ ತೂಕ ಏರುತ್ತದೆ. ಪ್ರಾಣಿ ಬೆಚ್ಚನೆಯ ಜಾಗ ಹುಡುಕುತ್ತದೆ. ಎರಡೂ ಪಕ್ಕೆಗಳಲ್ಲಿ ಸಮನಾಗಿ ಹಾಗೂ ಬಾಲದಲ್ಲಿ ಕೂದಲು ಉದುರಿ ಚರ್ಮ ಕಪ್ಪಾಗುತ್ತದೆ. ಸೋಂಕು ಸೇರದಿದ್ದಲ್ಲಿ ತುರಿಕೆ ಇರುವುದಿಲ್ಲ. ಕಜ್ಜಿಯಿಂದ ಇದನ್ನು ಬೇರ್ಪಡಿಸಲು ಇದೊಂದು ಉಪಯುಕ್ತ ಸುಳಿವು.

ಬೆಕ್ಕಿನ ರೋಗ ಹೆಚ್ಚು ಮೋಸಗೊಳಿಸುವಂಥದು. ಹತ್ತು ವರ್ಷ ದಾಟಿದ ಬೆಕ್ಕು ಹಿಂದಿಗಿಂತ ಹೆಚ್ಚು ತಿನ್ನುತ್ತದೆ, ಚುರುಕಾಗಿ ಓಡಾಡುತ್ತದೆ. ಆರೋಗ್ಯ ಸುಧಾರಿಸಿತೆಂದು ಮನೆಯವರು ಸಂತೋಷಪಡುತ್ತಾರೆ. ಆದರೆ ದೇಹ ಕೃಶವಾಗುತ್ತಾ ಬರುತ್ತದೆ. ರಾತ್ರಿ ಕೂಗಾಟ, ವಾಂತಿ, ಅತಿ ಬಾಯಾರಿಕೆ, ತೀವ್ರ ಹೃದಯಬಡಿತ ಜೊತೆಗೂಡಬಹುದು. ರಕ್ತದೊತ್ತಡ ಏರಿ ಹಠಾತ್ತಾಗಿ ದೃಷ್ಟಿ ಹೋಗುವ ಅಪಾಯವೂ ಇದೆ. ಬೆಕ್ಕನ್ನು ಎತ್ತಿಕೊಂಡು ತಕ್ಕಡಿಯ ಮೇಲೆ ನಿಂತು, ಬಳಿಕ ಎತ್ತಿದವರ ತೂಕ ಕಳೆದರೆ ಅದರ ತೂಕ ತಿಳಿಯುತ್ತದೆ. ತಿಂಗಳಿಗೊಮ್ಮೆ ಹೀಗೆ ತೂಗಿ ಬರೆದಿಡುವುದು ಒಳಿತು.

ರೋಗನಿರ್ಣಯಕ್ಕೆ ರಕ್ತಪರೀಕ್ಷೆ ಅಗತ್ಯ. ನಾಯಿಯಲ್ಲಿ ಟಿ-4 ಪ್ರಮಾಣ ಕಡಿಮೆಯಿದೆ ಎಂಬುದೊಂದೇ ಸಾಲದು. ಬೇರೆ ಕಾಯಿಲೆಗಳಿಂದಲೂ, ಚರ್ಮರೋಗಕ್ಕೆ ನೀಡುವ ಸ್ಟೀರಾಯ್ಡ್ ಹಾಗೂ ಮೂರ್ಛೆರೋಗದ ಫಿನೋಬಾರ್ಬಿಟಾಲ್ ಔಷಧಿಗಳಿಂದಲೂ ಅದು ತಗ್ಗುತ್ತದೆ. ಆದ್ದರಿಂದ ಟಿಎಸ್‌ಎಚ್ ಪರೀಕ್ಷೆಯನ್ನೂ ಮಾಡಿಸತಕ್ಕದ್ದು. ಈಗಾಗಲೇ ಕೊಡುತ್ತಿರುವ ಔಷಧಿಗಳನ್ನೆಲ್ಲ ಪಶುವೈದ್ಯರಿಗೆ ತೋರಿಸತಕ್ಕದ್ದು. ಒಂದೇ ಅಂಕಿ ನೋಡಿ ಜೀವನಪರ್ಯಂತದ ಮಾತ್ರೆ ಆರಂಭಿಸುವುದು ಸರಿಯಲ್ಲ.

ನಾಯಿಗೆ ಲೆವೊಥೈರಾಕ್ಸಿನ್ ಮಾತ್ರೆಯನ್ನು ಆಯುಷ್ಯವಿಡೀ ನೀಡಬೇಕಾಗುತ್ತದೆ. ಮನೆಯಲ್ಲಿ ಯಾರಾದರೂ ಇದೇ ಮಾತ್ರೆ ಸೇವಿಸುತ್ತಿದ್ದರೆ ಅದೇ ಅಳತೆಯಲ್ಲಿ ನಾಯಿಗೂ ಕೊಡಬಾರದು. ಪ್ರತಿ ಕಿಲೋ ದೇಹತೂಕಕ್ಕೆ ನಾಯಿಗೆ ಬೇಕಾಗುವ ಪ್ರಮಾಣ ಮನುಷ್ಯರಿಗಿಂತ ಹಲವು ಪಟ್ಟು ಹೆಚ್ಚು. ಬೆಕ್ಕಿಗೆ ಮೆಥಿಮಜೋಲ್ ಅಥವಾ ಕಾರ್ಬಿಮಜೋಲ್ ನೀಡಲಾಗುತ್ತದೆ. ಹಾರ್ಮೋನಿನ ಅತಿರೇಕವು ಮೂತ್ರಪಿಂಡಕ್ಕೆ ರಕ್ತದ ಹರಿವನ್ನು ಹೆಚ್ಚಿಸಿ ಅದರ ದೋಷವನ್ನು ಮರೆಮಾಚುವುದರಿಂದ, ಔಷಧಿಗೆ ಮೊದಲೂ ಆರಂಭಿಸಿದ ಕೆಲವು ವಾರಗಳಲ್ಲೂ ಮೂತ್ರಪಿಂಡದ ಪರೀಕ್ಷೆ ಮಾಡಿಸತಕ್ಕದ್ದು. ಗರ್ಭಿಣಿಯರು ಈ ಮಾತ್ರೆಗಳನ್ನು ಬರಿಗೈಯಲ್ಲಿ ಮುಟ್ಟಬಾರದು.