ಗೆಳೆಯರೊಡನೆ ಹೊರಸಂಚಾರ: ಸ್ಕೇಟಿಂಗ್ ಒಂದೇ ದಾರಿಯೇ?



ರಜೆ ಬಂತೆಂದರೆ ಭಾನುವಾರದ ಬಲಿಪೂಜೆಯ ನಂತರ ಚರ್ಚಿನ ಮೆಟ್ಟಿಲ ಬಳಿ ನನಗೆ ಎದುರಾಗುವ ಪ್ರಶ್ನೆ ಒಂದೇ: "ಫಾದರ್, ಈ ಸಲ ಎಲ್ಲಿಗೆ ಹೋಗೋಣ?" ಕೆಲವು ವರ್ಷಗಳ ಹಿಂದೆ, ನಾನು ಬೇರೊಂದು ಧರ್ಮಕೇಂದ್ರದಲ್ಲಿದ್ದಾಗ, ಈ ಪ್ರಶ್ನೆಗೆ ಉತ್ತರವನ್ನೂ ಹುಡುಗರೇ ತಂದಿದ್ದರು. ರೋಲರ್ ಸ್ಕೇಟಿಂಗ್! ಸಮತಟ್ಟಾದ ಅಂಗಳ, ಹಾಡು, ಬಾಡಿಗೆಗೆ ಸಿಗುವ ಗಾಲಿಗಳ ಬೂಟು, ಎರಡು ಗಂಟೆ ಮಜಾ. ನಾನೂ ಹೂಂ ಎಂದೆ.

ಹೆಸರು ಕೊಟ್ಟವರು ಹದಿನೆಂಟು ಮಂದಿ, ಬಂದವರು ಹದಿಮೂರು. ಬಂದವರನ್ನು ಕಂಡು ಸಂತೋಷಪಟ್ಟೆನೇ ಹೊರತು ಬಾರದ ಐವರ ಬಗ್ಗೆ ಯೋಚಿಸಲಿಲ್ಲ. ಆ ದಿನ ಒಬ್ಬ ಹುಡುಗ ಹಿಮ್ಮುಖವಾಗಿ ಜಾರಿ, ಅಂಗೈ ಊರಿ ಬಿದ್ದ. ಮಣಿಕಟ್ಟು ಮುರಿಯಿತು. ಆರು ವಾರ ಪ್ಲಾಸ್ಟರ್. ಅವನು ಸ್ಕೂಟರ್ ಗ್ಯಾರೇಜಿನಲ್ಲಿ ದಿನಗೂಲಿಗೆ ದುಡಿಯುತ್ತಿದ್ದವನು. ಮುರಿದದ್ದು ಸ್ಪ್ಯಾನರ್ ಹಿಡಿಯುವ ಬಲಗೈ. ಮರುದಿನ ಅವನ ತಾಯಿ ಬಂದರು. ಜಗಳವಾಡಲಿಲ್ಲ. "ನಾನು ಬೇಡ ಅಂದಿದ್ದೆ ಸ್ವಾಮಿ. ಫಾದರ್ ಕರೀತಿದಾರೆ ಅಂತ ಹೋದ" ಎಂದಷ್ಟೇ ಹೇಳಿ ಸುಮ್ಮನಾದರು.

ಆಮೇಲೆ ನಾನು ಬಾರದಿದ್ದ ಐವರ ಮನೆಗೂ ಹೋದೆ. ಮೊದಲು ಎಲ್ಲರದೂ ಒಂದೇ ಮಾತು, ತಲೆನೋವಿತ್ತು, ನೆಂಟರು ಬಂದಿದ್ದರು. ಕಾಫಿ ಕುಡಿಯುತ್ತಾ ಕೂತ ಮೇಲೆ ನಿಜ ಹೊರಬಂತು. ಇಬ್ಬರಿಗೆ ಪ್ರವೇಶದ ಹಣ, ಬೂಟಿನ ಬಾಡಿಗೆ ಕೊಡಲು ಆಗುತ್ತಿರಲಿಲ್ಲ. ಕೇಳಿದರೆ ನಾನು ಕೊಡುತ್ತಿದ್ದೆ, ಆದರೆ ಕೇಳುವುದಕ್ಕೆ ನಾಚಿಕೆ. ಒಬ್ಬಳಿಗೆ ಎಲ್ಲರ ಮುಂದೆ ಬೀಳುವ ಭಯ. ಇನ್ನೊಬ್ಬಳಿಗೆ ಅಲ್ಲಿ ಹೆಣ್ಣುಮಕ್ಕಳಿಗೆ ಶೌಚಾಲಯ ಇದೆಯೋ ಇಲ್ಲವೋ ಎಂಬ ಚಿಂತೆ. ಐದನೆಯವನದು ಒಂದು ಕಾಲು ಸ್ವಲ್ಪ ಗಿಡ್ಡ. ಪ್ರತಿ ಭಾನುವಾರ ಅವನು ನಡೆಯುವುದನ್ನು ನೋಡಿದವನು ನಾನು, ಆದರೂ ಹೊಳೆದಿರಲಿಲ್ಲ.

ಸ್ಕೇಟಿಂಗ್ ಕೆಟ್ಟ ಆಟವೆಂದು ಹೇಳಲು ನಾನು ಲೇಖನಿ ಹಿಡಿದಿಲ್ಲ. 1863ರಲ್ಲಿ ನ್ಯೂಯಾರ್ಕಿನ ಜೇಮ್ಸ್ ಪ್ಲಿಂಪ್ಟನ್ ಎಂಬವರು, ಮೈ ವಾಲಿಸಿದ ಕಡೆಗೆ ತಿರುಗಬಲ್ಲ ನಾಲ್ಕು ಗಾಲಿಯ ಬೂಟನ್ನು ರೂಪಿಸಿದಂದಿನಿಂದ ಜಗತ್ತು ಅದನ್ನು ಇಷ್ಟಪಟ್ಟಿದೆ. ಕಾಲಿಗೆ ಬಲ, ದೇಹಕ್ಕೆ ಸಮತೋಲ, ಮನಸ್ಸಿಗೆ ಉಲ್ಲಾಸ, ಎಲ್ಲವೂ ಅದರಲ್ಲಿದೆ. ಆದರೆ ಬೀಳುವಾಗ ಮನುಷ್ಯ ತನಗರಿವಿಲ್ಲದೆ ಕೈ ಚಾಚುತ್ತಾನೆ, ಮೈಭಾರವೆಲ್ಲ ಮಣಿಕಟ್ಟಿನ ಮೇಲೆ ಬೀಳುತ್ತದೆ. ಆದ್ದರಿಂದ ಸ್ಕೇಟಿಂಗ್‌ಗೆ ಹೋಗುವವರು ಹೆಲ್ಮೆಟ್ಟಿನ ಜೊತೆಗೆ ಮಣಿಕಟ್ಟಿನ ಕವಚವನ್ನೂ ಹಾಕಿಕೊಳ್ಳಲೇಬೇಕು. ಅಂದು ನಮ್ಮಲ್ಲಿ ಯಾರೂ ಹಾಕಿಕೊಂಡಿರಲಿಲ್ಲ, ಹಾಕಿಸಬೇಕೆಂದು ನನಗೆ ಗೊತ್ತೂ ಇರಲಿಲ್ಲ.

ಗುರುಮಠದಲ್ಲಿ ಓದುವಾಗ ಸಂತ ಥಾಮಸ್ ಅಕ್ವಿನಾಸರ ಒಂದು ಪ್ರಶ್ನೆ ನಮಗೆ ನಗು ತರಿಸುತ್ತಿತ್ತು. ಆಟಪಾಟಗಳಲ್ಲಿ ಸದ್ಗುಣವಿರಲು ಸಾಧ್ಯವೇ? ಅಷ್ಟು ದೊಡ್ಡ ದೈವಶಾಸ್ತ್ರ ಗ್ರಂಥದಲ್ಲಿ ಇಂಥ ಪ್ರಶ್ನೆಯೇ ಎಂದು. ಅವರ ಉತ್ತರ ಮಾತ್ರ ಗಂಭೀರವಾದದ್ದು. ದೇಹ ದಣಿದರೆ ವಿಶ್ರಾಂತಿ ಬೇಕಾದಂತೆ ಮನಸ್ಸು ದಣಿದರೆ ವಿನೋದ ಬೇಕು. ಸದಾ ಬಿಗಿದೇ ಇಟ್ಟ ಬಿಲ್ಲು ಮುರಿಯುತ್ತದೆ. ತಾನೂ ನಗದೆ, ನಗುವವರನ್ನೂ ಸಹಿಸದೆ ಇರುವವನು ತಪ್ಪಿತಸ್ಥನೆಂದೂ ಅವರು ವಾದಿಸುತ್ತಾರೆ. (ಮಕ್ಕಳು ಆಡುವುದನ್ನು ಕಂಡರೆ ಗದರುವ ಹಿರಿಯರು ಇದನ್ನು ಗಮನಿಸಲಿ.) ಆದರೆ ಒಂದು ಷರತ್ತು: ಆಟವು ಆಡುವ ವ್ಯಕ್ತಿಗೆ, ಕಾಲಕ್ಕೆ, ಸ್ಥಳಕ್ಕೆ ಹೊಂದುವಂತಿರಬೇಕು. ನಾನು ಪರೀಕ್ಷೆಗೆ ಬರೆದು ಮರೆತಿದ್ದ ಈ ಷರತ್ತು ಆ ಐದು ಮನೆಗಳಲ್ಲಿ ನೆನಪಾಯಿತು.

ಅಲ್ಲಿಂದೀಚೆಗೆ ಹೊರಸಂಚಾರದ ಮಾತು ಬಂದಾಗ ನಾವು ಮೊದಲು ಕೇಳಿಕೊಳ್ಳುವುದು "ಎಲ್ಲಿಗೆ" ಎಂದಲ್ಲ, "ಯಾರು ಬರಲಾಗುವುದಿಲ್ಲ" ಎಂದು. ಹೀಗೆ ಕೇಳಿಕೊಂಡು ನಾವು ಮಾಡಿ ನೋಡಿದ ಕೆಲವನ್ನು ಇಲ್ಲಿ ಹೇಳುತ್ತೇನೆ. ಮೈಸೂರಿನ ಸುತ್ತಲಿನ ಮಾತು ಇದು. ನಿಮ್ಮೂರಿಗೆ ನಿಮ್ಮೂರಿನ ಬೆಟ್ಟ, ಕೆರೆಗಳನ್ನು ಹಾಕಿಕೊಳ್ಳಿ.

ಮೊದಲನೆಯದು ನಡಿಗೆ. ಇದೇನು ಮಹಾ ಎನ್ನಬೇಡಿ. ಚಾಮುಂಡಿ ಬೆಟ್ಟದ ಸಾವಿರ ಮೆಟ್ಟಿಲನ್ನು ಬೆಳಗಿನ ತಂಪಿನಲ್ಲಿ ಹತ್ತಿದವರಿಗೆ ಅದರ ಸುಖ ಗೊತ್ತು. ಸುಮಾರು ಏಳುನೂರನೆಯ ಮೆಟ್ಟಿಲ ಬಳಿ ದೊಡ್ಡ ನಂದಿಯ ವಿಗ್ರಹ. ಅಲ್ಲಿ ನಿಂತು ತಿರುಗಿ ನೋಡಿದರೆ ಇಡೀ ಊರು ಕಾಲಡಿಯಲ್ಲಿರುತ್ತದೆ. ಅದು ಹಿಂದೂ ಬಾಂಧವರು ಹರಕೆ ಹೊತ್ತು, ಮೆಟ್ಟಿಲಿಗೆ ಅರಿಶಿನ ಕುಂಕುಮ ಹಚ್ಚುತ್ತಾ ಹತ್ತುವ ದಾರಿ. ಅವರಿಗೆ ಜಾಗ ಬಿಡಿ, ಕೂಗಾಟ ಬೇಡ. ಇನ್ನೊಂದು ಮಾತು: ಹತ್ತುವಾಗ ಏದುಸಿರು, ಆದರೆ ಮಂಡಿ ನೋಯುವುದು ಇಳಿಯುವಾಗ. ಮಂಡಿ ನೋವಿರುವವರು ಹತ್ತಿ, ಇಳಿಯುವುದಕ್ಕೆ ಬಸ್ಸು ಹಿಡಿಯಲಿ. ಅದರಲ್ಲಿ ಅವಮಾನವೇನೂ ಇಲ್ಲ. ಬೆಟ್ಟದಲ್ಲಿ ಚಿರತೆಯ ಓಡಾಟವೂ ಉಂಟು, ಕತ್ತಲಲ್ಲಿ ಹೋಗಬೇಡಿ.

ಮೆಟ್ಟಿಲು ಆಗದವರಿರುವ ದಿನ ಕುಕ್ಕರಹಳ್ಳಿ ಕೆರೆಯ ಏರಿಯ ಮೇಲೆ ನಡೆಯುತ್ತೇವೆ. ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಆದ ಕೆರೆ ಅದು. ದಾರಿ ಸಮತಟ್ಟು, ನೆರಳು ಧಾರಾಳ, ಹಕ್ಕಿಗಳಂತೂ ಲೆಕ್ಕವಿಲ್ಲ. ಗುಂಪಿನಲ್ಲಿ ನಮ್ಮದೊಂದೇ ನಿಯಮ: ಎಲ್ಲರಿಗಿಂತ ನಿಧಾನ ನಡೆಯುವವರು ಮುಂದೆ, ಬೇಗ ನಡೆಯುವವರು ಹಿಂದೆ. ಮೊದಮೊದಲು ಗಟ್ಟಿಮುಟ್ಟಾದ ಹುಡುಗರು ಗೊಣಗಿದರು. ಹಿಂದೆ ಉಳಿದು ಉಳಿದು ಬೇಸತ್ತು ಮನೆ ಸೇರುವ ಕಷ್ಟ ಅವರಿಗೆ ಎಂದೂ ಆಗಿರಲಿಲ್ಲವಲ್ಲ!

ನಡಿಗೆಯಲ್ಲಿ ಇನ್ನೊಂದು ಲಾಭವನ್ನು ಕಂಡುಕೊಂಡೆ. ಸ್ಕೇಟಿಂಗ್ ಅಂಗಳದಲ್ಲಿ ಎಲ್ಲರೂ ಸುತ್ತುತ್ತಲೇ ಇರುತ್ತಾರೆ, ಹಾಡು ಕಿವಿಗಡಚಿಕ್ಕುತ್ತದೆ, ಎರಡು ಮಾತಿಗೂ ಎಡೆಯಿಲ್ಲ. ಪಕ್ಕಪಕ್ಕದಲ್ಲಿ ನಡೆಯುವಾಗ ಮುಖ ನೋಡಬೇಕಾಗಿಲ್ಲ. ಆದ್ದರಿಂದಲೋ ಏನೋ, ನನ್ನ ಕೋಣೆಯ ಕುರ್ಚಿಯ ಮೇಲೆ ಕೂತು ಬಾಯಿ ಬಿಡದ ಹುಡುಗ ಕೆರೆ ಏರಿಯ ಮೇಲೆ ಅರ್ಧ ಗಂಟೆ ಮಾತಾಡುತ್ತಾನೆ. ಪರೀಕ್ಷೆಯಲ್ಲಿ ಫೇಲಾದದ್ದು, ಅಪ್ಪನ ಕುಡಿತ, ಮನೆಯಲ್ಲಿ ಹೇಳಿಕೊಳ್ಳಲಾಗದ ಪ್ರೀತಿ.

ಸಂತ ಎರಡನೆಯ ಜಾನ್ ಪೌಲರು ಇದನ್ನು ಚೆನ್ನಾಗಿ ಬಲ್ಲವರಾಗಿದ್ದರು. ಅವರು ಪೋಲೆಂಡಿನ ಕ್ರಾಕೋವ್ ನಗರದಲ್ಲಿ ಕರೋಲ್ ವೊಯ್ತಿವಾ ಎಂಬ ಯುವ ಗುರುವಾಗಿದ್ದಾಗ, ಗುರುಗಳು ಯುವಜನರನ್ನು ಕರೆದುಕೊಂಡು ಹೊರಸಂಚಾರ ಹೋಗುವುದನ್ನು ಕಮ್ಯುನಿಸ್ಟ್ ಸರ್ಕಾರ ಸಹಿಸುತ್ತಿರಲಿಲ್ಲ. ಅವರು ನಿಲುವಂಗಿ ತೆಗೆದಿಟ್ಟು ಸಾಮಾನ್ಯ ಉಡುಪಿನಲ್ಲಿ ಹೊರಟರು. ಹುಡುಗರು ಅವರನ್ನು 'ವುಯೆಕ್', ಅಂದರೆ ಮಾವ, ಎಂದು ಕರೆದರು. ಬೆಟ್ಟ ಹತ್ತಿದರು, ಹುಟ್ಟುಹಾಕುವ ಸಣ್ಣ ದೋಣಿ ಕಯಾಕ್‌ನಲ್ಲಿ ನದಿಗಳನ್ನು ಸುತ್ತಿದರು. ಕವುಚಿ ಹಾಕಿದ ದೋಣಿಯೇ ಬಲಿಪೀಠ, ಹುಟ್ಟುಗಳನ್ನು ಕಟ್ಟಿದ್ದೇ ಶಿಲುಬೆ. 1958ರ ಬೇಸಿಗೆಯಲ್ಲಿ ಅಂಥದೊಂದು ಸಂಚಾರದ ನಡುವೆಯೇ ವಾರ್ಸಾಕ್ಕೆ ಕರೆ ಬಂತು. ಸಹಾಯಕ ಬಿಷಪರಾಗಿ ನೇಮಕವಾದ ಸುದ್ದಿ ಕೇಳಿ, ಒಪ್ಪಿಗೆ ಕೊಟ್ಟು, ಅವರು ಮತ್ತೆ ದೋಣಿಯ ಗೆಳೆಯರ ಬಳಿಗೇ ಹಿಂದಿರುಗಿದರು. ಆಗ ಅವರಿಗೆ 38 ವರ್ಷ.

ಎರಡನೆಯದು ಸೈಕಲ್. ಮೈಸೂರಿನಿಂದ ಶ್ರೀರಂಗಪಟ್ಟಣಕ್ಕೆ ಸುಮಾರು 16 ಕಿಲೋಮೀಟರ್. ಬೆಳಿಗ್ಗೆ ಆರಕ್ಕೆ ಹೊರಟರೆ ಆತುರವಿಲ್ಲದೆ ಒಂದೂವರೆ ಗಂಟೆಯ ದಾರಿ. ಎಕ್ಸ್‌ಪ್ರೆಸ್‌ವೇಯ ಮುಖ್ಯ ಪಥ ಸೈಕಲ್ಲಿಗಲ್ಲ. 2023ರ ಆಗಸ್ಟ್ 1ರಿಂದ ಅಲ್ಲಿ ಬೈಕುಗಳಿಗೂ ಪ್ರವೇಶವಿಲ್ಲ. ಸರ್ವಿಸ್ ರಸ್ತೆಯಲ್ಲೇ, ಒಬ್ಬರ ಹಿಂದೊಬ್ಬರು ಸಾಲಾಗಿ ಹೋಗಬೇಕು. ಕೋಟೆ ದಾಟಿ, ದರಿಯಾ ದೌಲತ್ ನೋಡಿಕೊಂಡು ಗಂಜಾಂಗೆ ಹೋದರೆ ಅಬ್ಬೆ ದ್ಯುಬ್ವಾ ಅವರ ಹೆಸರಿನಿಂದ ಜನ ಗುರುತಿಸುವ ಹಳೆಯ ಚರ್ಚ್ ಸಿಗುತ್ತದೆ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಚದುರಿಹೋಗಿದ್ದ ಕ್ರೈಸ್ತರನ್ನು ಒಟ್ಟುಗೂಡಿಸಿದ ಫ್ರೆಂಚ್ ಗುರು ಅವರು; ಇಲ್ಲಿಯವರಂತೆಯೇ ಉಟ್ಟು, ಉಂಡು ಬಾಳಿದವರು; ಸಿಡುಬಿನ ಲಸಿಕೆಗೆ ಜನ ಹೆದರುತ್ತಿದ್ದ ಆ ಕಾಲದಲ್ಲಿ ಅದನ್ನು ಹಾಕಿಸಲು ಶ್ರಮಿಸಿದವರು. ಜನರ ಬಾಯಲ್ಲಿ ಅವರು 'ದೊಡ್ಡ ಸ್ವಾಮಿಯವರು'. ಈ ಕಥೆಯನ್ನು ತರಗತಿಯಲ್ಲಿ ಹೇಳಿದರೆ ಆಕಳಿಸುವ ಮಕ್ಕಳು, ಬೆವರು ಒರೆಸಿಕೊಳ್ಳುತ್ತಾ ಆ ಚರ್ಚಿನ ನೆರಳಲ್ಲಿ ಕೂತಾಗ ತಾವಾಗಿಯೇ ಕೇಳುತ್ತಾರೆ.

ಸೈಕಲ್ ಇಲ್ಲದವರಿಗೆ ಅಕ್ಕಪಕ್ಕದ ಮನೆಗಳಿಂದ ಕೇಳಿ ತರುತ್ತೇವೆ. ತುಳಿಯಲಾಗದವರು ರೈಲಿನಲ್ಲೋ ಬಸ್ಸಿನಲ್ಲೋ ಬುತ್ತಿಯ ಚೀಲಗಳೊಂದಿಗೆ ಮೊದಲೇ ಹೋಗಿ ಕಾಯುತ್ತಾರೆ. ತಲೆಗಿಷ್ಟು ಎಂದು ಊಟಕ್ಕೆ ಹಣ ಎತ್ತುವುದನ್ನು ನಾವು ಬಿಟ್ಟುಬಿಟ್ಟಿದ್ದೇವೆ. ಮನೆಯಿಂದ ಚಿತ್ರಾನ್ನ, ಮೊಸರನ್ನ, ಚಪಾತಿ, ಏನಾಗುತ್ತದೋ ಅದು. ಎಲ್ಲವನ್ನೂ ಒಂದೇ ಕಡೆ ಸುರಿದು ಉಣ್ಣುವುದು. ಯಾರ ಡಬ್ಬಿಯಲ್ಲಿ ಏನಿತ್ತು ಎಂದು ಯಾರಿಗೂ ತಿಳಿಯುವುದಿಲ್ಲ.

ನೀರಿನ ವಿಷಯವನ್ನು ಇಲ್ಲಿಯೇ ಹೇಳಿಬಿಡುತ್ತೇನೆ. ಶ್ರೀರಂಗಪಟ್ಟಣದ ಸಂಗಮ, ಬಲಮುರಿ, ಎಡಮುರಿ, ಎಲ್ಲ ಕಡೆಯೂ ಕಾವೇರಿ ಮೇಲೆ ಶಾಂತವಾಗಿಯೇ ಕಾಣುತ್ತಾಳೆ. ಕೆಳಗೆ ಸುಳಿ, ಪಾಚಿಗಟ್ಟಿದ ಬಂಡೆ, ಇದ್ದಕ್ಕಿದ್ದಂತೆ ಆಳ. ಈಜು ಬರುತ್ತದೆ ಎಂಬ ಧೈರ್ಯವೇ ಎಷ್ಟೋ ಮಕ್ಕಳನ್ನು ತೆಗೆದುಕೊಂಡು ಹೋಗಿದೆ. ಒಬ್ಬ ಮುಳುಗಿದರೆ ಅವನನ್ನು ಹಿಡಿಯಲು ಹಾರಿದ ಗೆಳೆಯನೂ ಹೋಗುತ್ತಾನೆ. ಹಾರಬೇಡಿ. ಹಗ್ಗ, ದುಪ್ಪಟ್ಟಾ, ಉದ್ದನೆಯ ಕೋಲು, ಮುಚ್ಚಳ ಬಿಗಿದ ಖಾಲಿ ಕ್ಯಾನು, ಕೈಗೆ ಸಿಕ್ಕಿದ್ದನ್ನು ದಡದಿಂದಲೇ ಎಸೆಯಿರಿ, ಚಾಚಿರಿ, ಕೂಗಿ ಜನ ಸೇರಿಸಿರಿ. ಈಜುವ ಆಸೆಯಿದ್ದವರು ಕಾವಲುಗಾರರಿರುವ ಈಜುಕೊಳಕ್ಕೆ ಹೋಗಿ ಮೊದಲು ಕಲಿಯಿರಿ. ಒಬ್ಬ ಗುರುವಾಗಿ ಇಂಥ ಶವಸಂಸ್ಕಾರ ಮಾಡಿದವನ ಮಾತು ಇದು.

ದೂರ ಹೋಗಲಾಗದ ಭಾನುವಾರಗಳಿಗೆ ಚರ್ಚಿನ ಮೈದಾನದಲ್ಲೇ ಲಗೋರಿ. ಏಳು ಚಪ್ಪಟೆ ಕಲ್ಲು, ಒಂದು ಚೆಂಡು, ಎರಡು ತಂಡ; ಖರ್ಚು ಚೆಂಡಿನದಷ್ಟೇ. ಒಂದು ತಂಡ ಚೆಂಡೆಸೆದು ಕಲ್ಲಿನ ಗೋಪುರವನ್ನು ಉರುಳಿಸಬೇಕು, ಮತ್ತೆ ಕಟ್ಟಬೇಕು. ಕಟ್ಟುವುದರೊಳಗೆ ಎದುರು ತಂಡ ಚೆಂಡಿನಿಂದ ಹೊಡೆದು ಔಟ್ ಮಾಡಬೇಕು. ಇದರಲ್ಲಿ ಓಡುವವರಿಗೊಂದು ಕೆಲಸ, ಗುರಿಯಿಡುವವರಿಗೊಂದು ಕೆಲಸ, ಗಲಾಟೆಯ ನಡುವೆ ಕೈ ನಡುಗದೆ ಕಲ್ಲು ಜೋಡಿಸುವವರಿಗೆ ಎಲ್ಲಕ್ಕಿಂತ ದೊಡ್ಡ ಕೆಲಸ. ಮೇಲೆ ಹೇಳಿದ ಗಿಡ್ಡ ಕಾಲಿನ ಹುಡುಗನ ಗುರಿ ಎಷ್ಟು ಖಚಿತವೆಂದರೆ, ಅವನು ತಮ್ಮ ಕಡೆಗೇ ಬರಲೆಂದು ಎರಡೂ ತಂಡಗಳು ಜಗಳವಾಡುತ್ತಿದ್ದವು. ಚೆಂಡು ಮಾತ್ರ ಮೆತ್ತನೆಯ ರಬ್ಬರಿನದಿರಲಿ, ಕಾರ್ಕ್ ಚೆಂಡು ಬೇಡ.

ತಂದೆತಾಯಂದಿರಿಗೆ ಒಂದೆರಡು ಮಾತು. "ಹುಡುಗರು ಹೋಗಲಿ, ಹುಡುಗಿಯರು ಬೇಡ" ಎನ್ನುವ ಮನೆಗಳು ನಮ್ಮಲ್ಲಿ ಇನ್ನೂ ಇವೆ. ನಿಮ್ಮ ಭಯ ನನಗೆ ಅರ್ಥವಾಗುತ್ತದೆ. ಬೇಡ ಎನ್ನುವ ಬದಲು ಕೇಳಿರಿ: ಯಾರು ಯಾರು ಹೋಗುತ್ತಾರೆ, ಜೊತೆಗೆ ಹಿರಿಯ ಹೆಂಗಸರು ಇದ್ದಾರೆಯೇ, ಶೌಚಾಲಯ ಎಲ್ಲಿದೆ, ಕತ್ತಲಾಗುವ ಮುನ್ನ ಹೇಗೆ ಹಿಂದಿರುಗುತ್ತೀರಿ? ಸಂಚಾರ ಏರ್ಪಡಿಸಿದವರು ಇದಕ್ಕೆಲ್ಲ ಉತ್ತರ ಕೊಡಲೇಬೇಕು. ಕೊಡಲಾಗದಿದ್ದರೆ ಗಂಡುಮಕ್ಕಳನ್ನೂ ಕಳಿಸಬೇಡಿ. ಅರಣ್ಯ ಇಲಾಖೆಯ ಚಾರಣದ ದಾರಿಗಳಿಗಾದರೆ ಮುಂಚಿತವಾಗಿ ಟಿಕೆಟ್ ಕಾಯ್ದಿರಿಸಿದ್ದಾರೆಯೇ ಎಂಬುದನ್ನೂ ವಿಚಾರಿಸಿ. ಬಂಡೆಯ ಅಂಚಿನಲ್ಲಿ ನಿಂತು ಸೆಲ್ಫಿ ತೆಗೆಯುವ ಚಾಳಿಯ ಬಗ್ಗೆ ಮನೆಯಲ್ಲೇ ಎಚ್ಚರಿಸಿ ಕಳಿಸಿ. ನಾವು ಹೇಳಿದರೆ ಅಷ್ಟಾಗಿ ಕೇಳುವುದಿಲ್ಲ.

ಗ್ಯಾರೇಜಿನ ಹುಡುಗನ ಕಥೆ ಏನಾಯಿತೆಂದು ನೀವು ಕೇಳಬಹುದು. ಕೈ ಕೂಡಿತು, ಕೆಲಸವೂ ಉಳಿಯಿತು. ಆ ಆರು ವಾರಗಳ ಕೂಲಿಯನ್ನು ಯುವಜನರು ತಮ್ಮ ತಮ್ಮಲ್ಲೇ ಸೇರಿಸಿ, ನನಗೂ ಹೇಳದೆ, ಅವನ ತಾಯಿಯ ಕೈಗೆ ಕೊಟ್ಟು ಬಂದಿದ್ದರು. ಅವನು ಬಹಳ ದಿನ ಯಾವ ಸಂಚಾರಕ್ಕೂ ಬರಲಿಲ್ಲ, ನಾನೂ ಒತ್ತಾಯಿಸಲಿಲ್ಲ. ನಾವು ಮೊದಲ ಸಲ ಗಂಜಾಂಗೆ ಸೈಕಲ್ಲಿನಲ್ಲಿ ಹೊರಟ ದಿನ, ಬೆಳಿಗ್ಗೆ ಐದೂವರೆಗೆ ಚರ್ಚಿನ ಗೇಟಿನ ಬಳಿ ಪಂಪು, ಪಂಕ್ಚರ್ ಪೆಟ್ಟಿಗೆ ಹಿಡಿದು ನಿಂತಿದ್ದ. "ಬ್ರೇಕ್ ನೋಡಿದೀರಾ ಫಾದರ್?" ಎಂದ. ನಾನು ನೋಡಿರಲಿಲ್ಲ. ಹದಿನಾರು ಸೈಕಲ್ಲುಗಳ ಬ್ರೇಕ್ ಒಂದೊಂದಾಗಿ ಒತ್ತಿ ನೋಡಿ, ಮೂರನ್ನು ಬಿಗಿಮಾಡಿದ ಮೇಲೆಯೇ ಅವನು ನಮ್ಮನ್ನು ಹೊರಡಲು ಬಿಟ್ಟದ್ದು.