ಉತ್ತರ ಹೇಳುವ ಯಂತ್ರವನ್ನು ನಂಬುವ ಮೊದಲು



ನಮ್ಮ ಹೋಟೆಲುಗಳಿಗೂ ಕೇಟರಿಂಗ್ ಆಫೀಸುಗಳಿಗೂ ಬರುವ ಸೇಲ್ಸ್‌ಮನ್‌ಗಳಲ್ಲಿ ಈಗ ಹೊಸದೊಂದು ಗುಂಪು ಸೇರಿಕೊಂಡಿದೆ. ಇವರು ಮಾರುವುದು ಗ್ರೈಂಡರೂ ಅಲ್ಲ, ಡೀಪ್ ಫ್ರೀಜರೂ ಅಲ್ಲ, ಎಐ. ವಾಟ್ಸಾಪಿನಲ್ಲಿ ಗಿರಾಕಿ ಕೇಳಿದ್ದಕ್ಕೆಲ್ಲ ಹಗಲು ರಾತ್ರಿ ಯಂತ್ರವೇ ಉತ್ತರ ಕೊಡುತ್ತದಂತೆ, ಮೆನು ಕಳಿಸುತ್ತದಂತೆ, ಎಲೆಗೆ ಇಷ್ಟು ಎಂದು ರೇಟನ್ನೂ ಹೇಳುತ್ತದಂತೆ. ಕೊಳ್ಳುವುದು ಬಿಡುವುದು ಅವರವರ ವ್ಯಾಪಾರಕ್ಕೆ ಬಿಟ್ಟದ್ದು. ಕೊಂಡವರು ಅದನ್ನು ನಂಬಿಕೆಗೆ ಯೋಗ್ಯವಾಗಿ ಮಾಡಿಕೊಳ್ಳುವುದು ಹೇಗೆ ಎಂಬುದಷ್ಟೇ ಇಲ್ಲಿಯ ಪಾಠ.

ಮೊದಲು ಯಂತ್ರದ ಸ್ವಭಾವ ತಿಳಿಯಬೇಕು. ಅದು ಕೋಟ್ಯಂತರ ಪುಟಗಳನ್ನು ಓದಿ, ಒಂದು ಮಾತಿನ ಮುಂದೆ ಯಾವ ಮಾತು ಬರುವುದು ಸಹಜ ಎಂದು ಲೆಕ್ಕ ಹಾಕಿ ವಾಕ್ಯ ಕಟ್ಟುತ್ತದೆ. ನಮ್ಮ ಅಡುಗೆಮನೆಯನ್ನು ಅದು ಕಂಡಿಲ್ಲ. ಗೊತ್ತಿಲ್ಲದ್ದನ್ನು ಕೇಳಿದರೂ, ಗೊತ್ತಿರುವುದನ್ನು ಹೇಳುವಷ್ಟೇ ಧೈರ್ಯದಿಂದ ಹೇಳಿಬಿಡುತ್ತದೆ. ಹೊಸದಾಗಿ ಸೇರಿದ ಸಪ್ಲಾಯರ್ ಹುಡುಗ ಗೊತ್ತಿಲ್ಲದಿದ್ದರೆ ತಲೆ ಕೆರೆದುಕೊಳ್ಳುತ್ತಾನೆ, ಒಳಗೆ ಹೋಗಿ ಭಟ್ಟರನ್ನು ಕೇಳುತ್ತಾನೆ. ಯಂತ್ರ ತಾನಾಗಿ ಹಾಗೆ ಮಾಡುವುದಿಲ್ಲ, ನಾವು ಕಲಿಸಬೇಕು.

ನಮ್ಮ ಉದ್ಯಮಕ್ಕೇ ತಗಲುವ ಒಂದು ಉದಾಹರಣೆ ಅಮೆರಿಕದ್ದು. ನ್ಯೂಯಾರ್ಕ್ ನಗರದ ಆಡಳಿತ 2023ರ ಅಕ್ಟೋಬರಿನಲ್ಲಿ ಸಣ್ಣ ವ್ಯಾಪಾರಿಗಳಿಗೆ ಕಾನೂನು ತಿಳಿಸಲೆಂದು ಇಂಥ ಒಂದು ಯಂತ್ರ ತೆರೆಯಿತು. 2024ರ ಮಾರ್ಚಿನಲ್ಲಿ ಪತ್ರಕರ್ತರು ಅದನ್ನು ಪರೀಕ್ಷಿಸಿದರು. ನೌಕರರ ಟಿಪ್ಸಿನಲ್ಲಿ ಮಾಲೀಕ ಪಾಲು ತೆಗೆದುಕೊಳ್ಳಬಹುದು ಎಂದಿತು. ಅಲ್ಲಿ ಅದು ಕಾನೂನುಬಾಹಿರ. ಅಂಗಡಿಯವರು ನಗದು ಬೇಡ ಎನ್ನಬಹುದು ಎಂದಿತು. ನಗದು ನಿರಾಕರಿಸಬಾರದೆಂಬ ಕಾನೂನು ಅಲ್ಲಿ 2020ರಿಂದಲೇ ಇತ್ತು. ಇಲಿ ಕಚ್ಚಿದ ಚೀಸನ್ನು ಬಡಿಸಬಹುದೇ ಎಂದು ಕೇಳಿದರೆ, ಬಡಿಸಬಹುದು, ಎಷ್ಟು ಹಾಳಾಗಿದೆ ನೋಡಿಕೊಂಡು ಗಿರಾಕಿಗೆ ತಿಳಿಸಿ ಎಂಬ ಉತ್ತರ ಬಂತು! ಮಹಾನಗರದ ಸರಕಾರವೇ ಇಟ್ಟ ಯಂತ್ರದ ಕಥೆ ಇದು.

ತಪ್ಪು ಹೇಳಿದರೆ ಹೊಣೆ ಯಾರದು? ಕೆನಡಾದ ಪ್ರಕರಣವೊಂದು ಇದಕ್ಕೆ ಉತ್ತರ ಕೊಟ್ಟಿದೆ. ಅಜ್ಜಿ ತೀರಿಕೊಂಡ ಒಬ್ಬರಿಗೆ ಏರ್ ಕೆನಡಾದ ಯಂತ್ರ, ಈಗ ಪೂರ್ತಿ ದರದಲ್ಲಿ ಟಿಕೆಟ್ ತೆಗೆದುಕೊಳ್ಳಿ, ಸಾವಿನ ಸಂದರ್ಭದ ರಿಯಾಯಿತಿಗೆ 90 ದಿನದೊಳಗೆ ಅರ್ಜಿ ಹಾಕಬಹುದು ಎಂದು ಹೇಳಿತು. ಕಂಪನಿಯ ನಿಯಮ ಹಾಗಿರಲಿಲ್ಲ. ಯಂತ್ರದ ಮಾತಿಗೆ ಯಂತ್ರವೇ ಜವಾಬ್ದಾರಿ ಎಂಬಂಥ ವಾದವನ್ನೂ ಕಂಪನಿ ಮುಂದಿಟ್ಟಿತು. 2024ರ ಫೆಬ್ರವರಿಯಲ್ಲಿ ನ್ಯಾಯಮಂಡಳಿ ಅದನ್ನು ತಳ್ಳಿಹಾಕಿ, ಬಡ್ಡಿ ಖರ್ಚು ಸೇರಿ ಸುಮಾರು 812 ಕೆನಡಾ ಡಾಲರ್ ಕೊಡಿಸಿತು. ಮೊತ್ತ ಸಣ್ಣದು. ಆದರೆ ನಮ್ಮ ಬೋರ್ಡಿನ ಕೆಳಗೆ ಯಂತ್ರ ಆಡಿದ ಮಾತು ನಮ್ಮದೇ ಮಾತು ಎಂಬುದು ಅದರಿಂದ ಖಚಿತವಾಯಿತು. ಇದು ಕೆನಡಾದ ತೀರ್ಪು, ನಮ್ಮ ಕೋರ್ಟನ್ನು ಕಟ್ಟಿಹಾಕುವುದಿಲ್ಲ ನಿಜ. ಆದರೆ ಗಿರಾಕಿ ಕೋರ್ಟಿಗೆ ಹೋಗುವ ಮೊದಲು ನಮ್ಮ ಗಲ್ಲೆಗೇ ಬರುತ್ತಾನಲ್ಲ.

ಮಾರುವವರು ನೂರಕ್ಕೆ ತೊಂಬತ್ತೆಂಟು ಉತ್ತರ ಸರಿ ಎನ್ನುತ್ತಾರೆ. ಯಾವ ಪ್ರಶ್ನೆಗಳಿಗೆ, ಯಾವ ಭಾಷೆಯಲ್ಲಿ ಎಂದು ಕೇಳಿ. ಹೋಟೆಲು ಎಷ್ಟು ಗಂಟೆಗೆ ತೆರೆಯುತ್ತದೆ ಎಂಬುದನ್ನು ತಪ್ಪಿ ಹೇಳಿದರೆ ಗಿರಾಕಿ ಬೈದು ಹೋಗುತ್ತಾನೆ. ಚಟ್ನಿಯಲ್ಲಿ ಶೇಂಗಾ ಇದೆಯೇ ಎಂಬುದನ್ನು ತಪ್ಪಿ ಹೇಳಿದರೆ ಮಗುವಿನ ಉಸಿರು ಕಟ್ಟಬಹುದು. ಲೆಕ್ಕದಲ್ಲಿ ಎರಡೂ ಒಂದೊಂದೇ ತಪ್ಪು. ಆದ್ದರಿಂದ ಒಟ್ಟು ಅಂಕಿ ನೋಡಿ ಸಮಾಧಾನಪಡುವಂತಿಲ್ಲ. ಅಪಾಯದ ಪ್ರಶ್ನೆಗಳನ್ನು ಬೇರೆ ತೆಗೆದು ಅವುಗಳನ್ನೇ ನೋಡಬೇಕು.

ಈ ವಿದ್ಯೆ ನಮಗೆ ಹೊಸದಲ್ಲ. ಆಹಾರ ಸುರಕ್ಷತೆಯಲ್ಲಿ ಹ್ಯಾಸಪ್ ಎನ್ನುತ್ತೇವಲ್ಲ, ಅದು 1960ರ ದಶಕದಲ್ಲಿ ಅಮೆರಿಕದ ಪಿಲ್ಸ್‌ಬರಿ ಕಂಪನಿ ನಾಸಾದ ಗಗನಯಾತ್ರಿಗಳಿಗೆ ಆಹಾರ ತಯಾರಿಸುವಾಗ ಹುಟ್ಟಿದ್ದು. ಕೊನೆಯಲ್ಲಿ ಪ್ಯಾಕೆಟ್ ಒಡೆದು ಪರೀಕ್ಷಿಸುತ್ತ ಹೋದರೆ ತಿನ್ನಲು ಉಳಿಯುವುದು ಸ್ವಲ್ಪವೇ. ಅದಕ್ಕೇ ಎಲ್ಲಿ ಕೆಡಬಹುದು ಎಂದು ಮೊದಲೇ ಗುರುತಿಸಿ ಆ ಜಾಗದಲ್ಲೇ ಕಾವಲು ಹಾಕಿದರು. ಯಂತ್ರಕ್ಕೂ ಇದೇ ಕ್ರಮ ಹೊಂದುತ್ತದೆ.

ಮೊದಲ ಕಾವಲು ನಾವು ಕೊಡುವ ಮಾಹಿತಿಗೆ. ನಮ್ಮ ಮೆನು, ರೇಟು, ಪ್ರತಿ ಪದಾರ್ಥದಲ್ಲಿ ಏನೇನು ಹಾಕುತ್ತೇವೆ ಎಂಬ ಪಟ್ಟಿ ಬರೆದುಕೊಟ್ಟು, ಇದರಲ್ಲಿ ಇದ್ದರೆ ಮಾತ್ರ ಉತ್ತರಿಸು, ಇಲ್ಲದಿದ್ದರೆ ಮನುಷ್ಯನಿಗೆ ದಾಟಿಸು ಎಂದು ಯಂತ್ರವನ್ನು ಕಟ್ಟಿಸಬೇಕು. ಪಟ್ಟಿ ಮಾಲೀಕ ಆಫೀಸಿನಲ್ಲಿ ಕೂತು ಬರೆಯುವುದಲ್ಲ, ಭಟ್ಟರ ಪಕ್ಕ ನಿಂತು, ಡಬ್ಬದ ಮೇಲಿನ ಲೇಬಲ್ ಓದಿ ಬರೆಯುವುದು. ಹಿಂಗನ್ನೇ ನೋಡಿ. ಅಂಗಡಿಯಲ್ಲಿ ಸಿಗುವ ಪುಡಿ ಹಿಂಗು ಬಹಳಷ್ಟು ಮಟ್ಟಿಗೆ ಗೋಂದು ಮತ್ತು ಹಿಟ್ಟು ಬೆರೆಸಿದ್ದು. ಹಲವು ಬ್ರಾಂಡುಗಳಲ್ಲಿ ಆ ಹಿಟ್ಟು ಗೋಧಿಯದು. ಸಾಂಬಾರಿನಲ್ಲಿ ಗೋಧಿ ಇದೆಯೇ ಎಂದು ಕೇಳಿದರೆ ಯಂತ್ರ ಬಿಡಿ, ನಮ್ಮಲ್ಲೇ ಹತ್ತರಲ್ಲಿ ಎಂಟು ಜನ ಇಲ್ಲ ಎನ್ನುತ್ತಾರೆ. ಗೋಧಿ ಆಗದ ಕಾಯಿಲೆಯವರಿಗೆ ಆ ಚಿಟಿಕೆಯೂ ಲೆಕ್ಕವೇ. ಸಾಬೂದಾನಿ ಖಿಚಡಿಯ ಸೌಟು ಉಪ್ಪಿಟ್ಟಿಗೂ ಹೋಗುತ್ತದೆಯೇ, ಜೈನ್ ಮಸಾಲೆ ದೋಸೆಗೆ ಬಾಳೆಕಾಯಿ ಪಲ್ಯ ಮಾಡಿದರೂ ಕಾವಲಿ ಅದೇ ಈರುಳ್ಳಿಯದೇ, ಇವೂ ಪಟ್ಟಿಯಲ್ಲಿ ಇರಬೇಕು. ಹತ್ತು ಅಥವಾ ಹೆಚ್ಚು ಶಾಖೆಗಳಿದ್ದವರು ಅಲರ್ಜಿ ಮಾಹಿತಿ ತೋರಿಸಬೇಕೆಂದು ಎಫ್‌ಎಸ್‌ಎಸ್‌ಎಐ ನಿಯಮವಿದೆ. ಒಂದೇ ಶಾಖೆಯವರಿಗೆ ಕಡ್ಡಾಯವಿಲ್ಲದಿರಬಹುದು, ಅಲರ್ಜಿ ಶಾಖೆ ಎಣಿಸಿ ಬರುವುದಿಲ್ಲ. ನಮ್ಮ ಅಭಿಪ್ರಾಯದಲ್ಲಿ, ಅಲರ್ಜಿ ಎಂಬ ಮಾತು ಬಂದ ಕೂಡಲೇ ಯಂತ್ರ ಸುಮ್ಮನಾಗಿ ಮನುಷ್ಯನನ್ನು ಕರೆಯುವುದೇ ಸರಿ.

ಎರಡನೆಯದು ಅಧಿಕಾರ. ಯಂತ್ರ ಮಾಹಿತಿ ಹೇಳಲಿ. ರಿಯಾಯಿತಿ ಕೊಡುವುದು, ತಾರೀಕು ಪಕ್ಕಾ ಮಾಡುವುದು, ಮುಂಗಡ ವಾಪಸು ಎನ್ನುವುದು ಬೇಡ. 2023ರ ಡಿಸೆಂಬರಿನಲ್ಲಿ ಕ್ಯಾಲಿಫೋರ್ನಿಯಾದ ಒಂದು ಶೆವರ್ಲೆ ಕಾರು ಡೀಲರನ ಯಂತ್ರವನ್ನು ಒಬ್ಬಾತ ಮಾತಿನಲ್ಲೇ ಪಳಗಿಸಿ, ಒಂದು ಡಾಲರಿಗೆ ಕಾರು ಕೊಡಲು ಒಪ್ಪಿಸಿದ. ಕಾರೇನೂ ಸಿಗಲಿಲ್ಲ, ಊರೆಲ್ಲ ನಕ್ಕಿತು. ಮದುವೆ ಸೀಸನ್ನಿನಲ್ಲಿ 500 ಎಲೆ ಊಟಕ್ಕೆ ನಮ್ಮ ಯಂತ್ರ ಹೀಗೆ ಹೂಂ ಅಂದರೆ, ಸ್ಕ್ರೀನ್‌ಶಾಟ್ ಹಿಡಿದು ಬಂದ ಬೀಗರ ಮುಂದೆ ನಗುವ ಸ್ಥಿತಿ ಇರುವುದಿಲ್ಲ.

ಮೂರನೆಯದು ಪರೀಕ್ಷೆ, ಇದಕ್ಕೆ ದುಡ್ಡು ಬೇಡ, ಸಮಯ ಬೇಕು. ಮಧ್ಯಾಹ್ನ ಮೂರರಿಂದ ನಾಲ್ಕು ಹೋಟೆಲು ಖಾಲಿ ಇರುವಾಗ ಮ್ಯಾನೇಜರು, ಭಟ್ಟರು, ಸಪ್ಲಾಯರ್ ಹುಡುಗರು ಕೂತು ಐವತ್ತು ಪ್ರಶ್ನೆ ಬರೆಯಲಿ. ಗಿರಾಕಿ ಕೇಳುವ ಹಾಗೆಯೇ, ಕನ್ನಡ ಹಿಂದಿ ಮರಾಠಿ ಬೆರೆಸಿ, ಅಕ್ಷರ ತಪ್ಪಿ, ಸಿಟ್ಟಿನಿಂದಲೂ ಬರೆಯಲಿ. ಬೇಕೆಂದೇ ದಾರಿ ತಪ್ಪಿಸುವ ಪ್ರಶ್ನೆ ಹತ್ತಾದರೂ ಇರಲಿ. 2023ರ ಆಗಸ್ಟಿನಲ್ಲಿ ನ್ಯೂಜಿಲೆಂಡಿನ ಪ್ಯಾಕ್‌ಅಂಡ್‌ಸೇವ್ ಅಂಗಡಿಯ ಅಡುಗೆ ಯಂತ್ರಕ್ಕೆ ಜನ ಮನೆ ತೊಳೆಯುವ ರಾಸಾಯನಿಕಗಳ ಹೆಸರು ಕೊಟ್ಟರು. ಅದು ವಿಷಾನಿಲ ಏಳುವ ಮಿಶ್ರಣವನ್ನೇ ಪಾನೀಯವೆಂದು ಬರೆದುಕೊಟ್ಟಿತು. ಹೀಗೂ ಕೇಳುವವರಿರುತ್ತಾರೆಂದು ಮೊದಲೇ ನೋಡಿಕೊಂಡಿದ್ದರೆ ಅದನ್ನು ತಡೆಯಬಹುದಿತ್ತು. ಉತ್ತರಗಳನ್ನು ಪುಸ್ತಕದಲ್ಲಿ ಬರೆದಿಡಿ. ಮೆನು ಬದಲಾದಾಗ, ಹಿಂಗಿನ ಬ್ರಾಂಡು ಬದಲಾದಾಗ, ಕಂಪನಿಯವರು ಹೊಸ ಆವೃತ್ತಿ ಹಾಕಿದಾಗ ಅದೇ ಐವತ್ತನ್ನು ಮತ್ತೆ ಕೇಳಿ. ನಿನ್ನೆ ಸರಿಯಾಗಿ ಹೇಳಿದ್ದನ್ನು ಇಂದು ತಪ್ಪುವುದುಂಟು.

ಗಿರಾಕಿಗೆ ಇದು ಯಂತ್ರ ಎಂದು ಮೊದಲ ಸಾಲಿನಲ್ಲೇ ತಿಳಿಸಿ; ಮನುಷ್ಯರ ನಂಬರನ್ನೂ ಅಲ್ಲೇ ಕೊಡಿ. ಅವರ ಹೆಸರು, ಫೋನು, ಮನೆಯ ಸಮಾರಂಭದ ವಿವರ ಯಾರ ಕಂಪ್ಯೂಟರಿಗೆ ಹೋಗುತ್ತದೆ ಎಂಬುದನ್ನು ಮಾರುವವರಿಂದ ಲಿಖಿತವಾಗಿ ಪಡೆಯಿರಿ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ರಕ್ಷಣಾ ಕಾಯ್ದೆಯ ನಿಯಮಗಳು 2025ರ ನವೆಂಬರಿನಲ್ಲಿ ಪ್ರಕಟವಾಗಿವೆ, ಹಂತ ಹಂತವಾಗಿ ಜಾರಿಗೆ ಬರುವಂಥವು. ಮಾಹಿತಿಗೆ ತಕ್ಕ ರಕ್ಷಣೆ ಕೊಡದಿದ್ದರೆ ದಂಡದ ಮೇಲ್ಮಿತಿ 250 ಕೋಟಿ ರೂಪಾಯಿ. ಹೋಟೆಲಿನವರಿಗೆ ಬೇರೆ ಎಂದೇನೂ ಅದರಲ್ಲಿಲ್ಲ.

ಕೊನೆಗೆ, ದಿನದ ಗಲ್ಲೆ ಲೆಕ್ಕ ಮುಗಿದ ಮೇಲೆ ಒಬ್ಬರು ಹತ್ತು ನಿಮಿಷ ಆ ದಿನದ ಪ್ರಶ್ನೋತ್ತರ ಓದುವ ಪದ್ಧತಿ ಇಟ್ಟುಕೊಳ್ಳಿ. ಯಾರು ಓದಿದರು ಎಂದು ಅವರ ಸಹಿ ಇರಲಿ. ತಪ್ಪು ಕಂಡರೆ ಆ ಗಿರಾಕಿಗೆ ಅದೇ ರಾತ್ರಿ ಫೋನು ಹೋಗಲಿ, ಮರುದಿನದ ಊಟಕ್ಕೆ ಎಲೆ ಹಾಕುವ ಮೊದಲು.